ಕಡಿಮೆ ಬಜೆಟ್‌ನಲ್ಲಿ ಮೆಟಲ್ ಸಂಗೀತಕ್ಕೆ ಡ್ರಮ್ ಸೆಟ್: ಪೆಡಲ್‌ನಿಂದ ಶುರು ಮಾಡಿ, ಬಣ್ಣದಿಂದಲ್ಲ

"ಹೊಸ ಸೆಟ್ ತಗೊಂಡೆ, ಆದ್ರೆ ಡಬಲ್ ಪೆಡಲ್‌ಗೆ ದುಡ್ಡು ಉಳೀಲಿಲ್ಲ." ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಇನ್ನು ಕೆಲವರು "ಆರೇ ತಿಂಗಳಿಗೆ ಕ್ರ್ಯಾಶ್ ಸೀಳಿತು" ಅನ್ನುತ್ತಾರೆ. "ಕಿಕ್ ಬರೀ ದಬ್ ದಬ್ ಅನ್ನುತ್ತೆ, ಕ್ಲಿಕ್ ಬರೋದೇ ಇಲ್ಲ" ಅನ್ನುವವರೂ ಇದ್ದಾರೆ. (ಕಿಕ್ ಅಂದರೆ ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್, ಡಬಲ್ ಪೆಡಲ್ ಅಂದರೆ ಅದನ್ನು ಎರಡೂ ಕಾಲಿಂದ ಬಾರಿಸುವ ಪೆಡಲ್ ಜೋಡಿ. ಸಿಂಬಲ್ ಅಂದರೆ ತಟ್ಟೆಯಂಥ ಲೋಹದ ವಾದ್ಯ, ಕ್ರ್ಯಾಶ್ ಅದರಲ್ಲೊಂದು ಬಗೆ.) ದೂರು ಮೂರು, ಬಹುಪಾಲು ಕಾರಣ ಒಂದೇ: ಕೊಳ್ಳುವ ಕ್ರಮ ತಲೆಕೆಳಗಾಗಿದೆ. ಮೊದಲು ಕಣ್ಣಿಗೆ ಕಾಣುವ ಡ್ರಮ್‌ಗಳಿಗೆ ದುಡ್ಡು ಸುರಿಯುತ್ತೇವೆ. ಕಾಲು ತುಳಿಯುವ ಪೆಡಲ್, ಕೈ ಹೊಡೆಯುವ ಸಿಂಬಲ್, ಕೂರುವ ಸ್ಟೂಲ್, ಇವೆಲ್ಲ ಉಳಿದ ಚಿಲ್ಲರೆಯಲ್ಲಿ ಬರುತ್ತವೆ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ನನ್ನ ಮೊದಲ ಸೆಟ್ ಏಳು ಪೀಸಿನದು. ಕಪ್ಪು ಬಣ್ಣ, ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಹೊಳಪು. ಜೊತೆಗೆ ಬಂದದ್ದು ಒಂಟಿ ಪೆಡಲ್ ಮತ್ತು ಪಾತ್ರೆ ಬಡಿದಂತೆ ಸದ್ದು ಮಾಡುವ ಎರಡು ಸಿಂಬಲ್. ಏಳರಲ್ಲಿ ಎರಡು ಟಾಮ್‌ಗಳು (ನಡುಗಾತ್ರದ ಡ್ರಮ್‌ಗಳು) ವರ್ಷವಿಡೀ ಮೂಲೆಯಲ್ಲಿ ಕೂತಿದ್ದವು. ಅವುಗಳ ಮೇಲೆ ಬಟ್ಟೆ ಒಣಗುತ್ತಿತ್ತು. ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಹಾಗೆ.

ಅದಕ್ಕೇ ಇಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ಹಂತ ದಾಟಿಸಿ ಮುಂದೆ ಹೋಗಬೇಡಿ.

ಹೊರಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು ಡ್ರಮ್ ಕೀ (ತಿರುಪು ಬಿಗಿ ಮಾಡುವ ಪುಟ್ಟ ಚಾವಿ), ಅಳತೆ ಟೇಪ್, ಸಣ್ಣ ಟಾರ್ಚ್, ನೀವು ದಿನಾ ಬಳಸುವ ಸ್ಟಿಕ್‌ಗಳು, ಕಿವಿಗೆ ಪ್ಲಗ್. ಮೊಬೈಲ್ ಹೇಗೂ ಇರುತ್ತದೆ. ನೀವು ನುಡಿಸುವಾಗ ಹಾಕುವ ಶೂ ಯಾವುದೋ ಅದನ್ನೇ ಹಾಕಿಕೊಂಡು ಹೋಗಿ. ಬರಿಗಾಲಲ್ಲಿ ನುಡಿಸುವವರು ಅಂಗಡಿಯಲ್ಲೂ ನಾಚದೆ ಶೂ ಬಿಚ್ಚಿ. ದಪ್ಪ ಸೋಲ್‌ನ ಶೂನಲ್ಲಿ ಪೆಡಲ್ ನೋಡಿ ಬಂದರೆ ಮನೆಯಲ್ಲಿ ಅದು ಬೇರೆಯದೇ ಪೆಡಲ್ ಅನ್ನಿಸುತ್ತದೆ.

ಹಂತ 1: ದುಡ್ಡನ್ನು ಮೊದಲೇ ಪಾಲು ಮಾಡಿ

ನಿಮ್ಮ ಒಟ್ಟು ಬಜೆಟ್ 100 ಅಂದುಕೊಳ್ಳಿ. ನಾನು ಪಾಲು ಮಾಡುವುದು ಹೀಗೆ: ಡ್ರಮ್‌ಗಳಿಗೆ, ಸ್ನೇರ್ (ಅಡಿಗೆ ತಂತಿ ಇರುವ ಡ್ರಮ್) ಸೇರಿ, 40. ಸಿಂಬಲ್‌ಗಳಿಗೆ 25. ಡಬಲ್ ಪೆಡಲ್‌ಗೆ 15. ಸ್ಟೂಲ್ ಮತ್ತು ಸ್ಟ್ಯಾಂಡ್‌ಗಳಿಗೆ 10. ಹೊಸ ಹೆಡ್‌ಗಳಿಗೆ (ಡ್ರಮ್‌ನ ಬಾಯಿಗೆ ಬಿಗಿಯುವ ಪ್ಲಾಸ್ಟಿಕ್ ಪೊರೆ) 7. ಪ್ಲಗ್, ಕಾರ್ಪೆಟ್, ಸ್ಟಿಕ್, ಫೆಲ್ಟ್ ಮುಂತಾದ ಚಿಲ್ಲರೆಗೆ 3.

ಇದು ಕಲ್ಲಿನ ಮೇಲೆ ಕೊರೆದ ಲೆಕ್ಕವಲ್ಲ. ಆದರೆ ಡ್ರಮ್‌ಗಳ ಪಾಲು 50 ದಾಟಿತು ಅಂದರೆ ನಿಲ್ಲಿ. ಅಲ್ಲಿಂದ ಮುಂದೆ ನೀವು ಕದಿಯುತ್ತಿರುವುದು ಪೆಡಲ್ ಮತ್ತು ಸಿಂಬಲ್‌ಗಳ ದುಡ್ಡನ್ನು.

ಬೆಲೆಪಟ್ಟಿ ಓದುವಾಗ ಎರಡು ಮಾತು ನೆನಪಿರಲಿ. "5 ಪೀಸ್" ಅಂದರೆ ಐದು ಡ್ರಮ್ ಮಾತ್ರ. ಸಿಂಬಲ್‌ಗಳು ಆ ಲೆಕ್ಕಕ್ಕೆ ಬರುವುದಿಲ್ಲ. "ಶೆಲ್ ಪ್ಯಾಕ್" ಅಂತ ಬರೆದಿದ್ದರೆ ಸ್ಟ್ಯಾಂಡ್, ಪೆಡಲ್, ಸ್ಟೂಲ್, ಸಿಂಬಲ್ ಏನೂ ಇರುವುದಿಲ್ಲ. ಎಷ್ಟೋ ಶೆಲ್ ಪ್ಯಾಕ್‌ಗಳಲ್ಲಿ ಸ್ನೇರ್ ಕೂಡ ಇರುವುದಿಲ್ಲ. ಡಬ್ಬದಲ್ಲಿ ಏನೇನು ಇದೆ ಅಂತ ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಇಷ್ಟು ಮಾಡದೆ "ಅಯ್ಯೋ ಇಷ್ಟು ಅಗ್ಗವಾ!" ಅಂತ ಕೊಂಡು, ಬಾಕಿ ಸಾಮಾನಿಗೆ ಮತ್ತಷ್ಟು ದುಡ್ಡು ಹೊಂದಿಸಲು ಒದ್ದಾಡಿದವರು ಬಹಳ ಜನ.

ಹಂತ 2: ನೀವು ನಿಜವಾಗಿ ಏನು ನುಡಿಸುತ್ತೀರಿ?

ನೀವು ಈಗ ಅಭ್ಯಾಸ ಮಾಡುತ್ತಿರುವ ಹತ್ತು ಹಾಡು ತೆಗೆದುಕೊಳ್ಳಿ. ಪ್ರತಿ ಹಾಡಲ್ಲೂ ಯಾವ ಡ್ರಮ್, ಯಾವ ಸಿಂಬಲ್ ಬೇಕು ಅಂತ ಗೆರೆ ಎಳೆದು ಗುರುತು ಮಾಡಿ. ನೆನಪಿನಿಂದ ಬೇಡ, ಹಾಡು ಕೇಳುತ್ತಾ ಮಾಡಿ.

ಬಹಳ ಮಂದಿಗೆ ಉತ್ತರ ಹೀಗೇ ಬರುತ್ತದೆ: ಒಂದು ಕಿಕ್, ಒಂದು ಸ್ನೇರ್, ಒಂದೋ ಎರಡೋ ಟಾಮ್, ಒಂದು ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಟಾಮ್), ಹೈ-ಹ್ಯಾಟ್ (ಕಾಲಿಂದ ಮುಚ್ಚಿ ತೆರೆಯುವ ಸಿಂಬಲ್ ಜೋಡಿ), ಎರಡು ಕ್ರ್ಯಾಶ್, ರೈಡ್ (ತಾಳ ಹಿಡಿಯುವ ದೊಡ್ಡ ಸಿಂಬಲ್), ಚೈನಾ (ಅಂಚು ಮೇಲಕ್ಕೆ ತಿರುಗಿದ, ಒರಟು ಸದ್ದಿನ ಸಿಂಬಲ್). ಥ್ರ್ಯಾಶ್, ಡೆತ್, ಮೆಟಲ್‌ಕೋರ್, ಮೆಟಲ್‌ನ ಯಾವ ಬಗೆಯೇ ಇರಲಿ, ಇಷ್ಟರಲ್ಲಿ ಕೆಲಸ ನಡೆಯುತ್ತದೆ. ಎರಡು ಕಿಕ್ ಡ್ರಮ್ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಕಡಿಮೆ ಬಜೆಟ್‌ನಲ್ಲಿ ಅದು ಬೇಡವೇ ಬೇಡ. ಎರಡು ಡ್ರಮ್ ಅಂದರೆ ಎರಡಕ್ಕೂ ಹೆಡ್, ಎರಡಕ್ಕೂ ಒಂದೇ ಥರದ ಟ್ಯೂನಿಂಗ್, ಎರಡರಷ್ಟು ಜಾಗ. ಒಂದು ಕಿಕ್, ಒಂದು ಒಳ್ಳೆಯ ಡಬಲ್ ಪೆಡಲ್ ಸಾಕು.

ಹಂತ 3: ಡಬಲ್ ಪೆಡಲ್

ಇಲ್ಲಿ ಅವಸರ ಬೇಡ. ಮೊದಲು ಒಂದು ಲೆಕ್ಕ ನೋಡಿ. ನಿಮಿಷಕ್ಕೆ 200 ಬೀಟ್ ವೇಗದಲ್ಲಿ, ಒಂದು ಬೀಟ್‌ಗೆ ನಾಲ್ಕು ಹೊಡೆತದ ಡಬಲ್ ಕಿಕ್ ನುಡಿಸಿದರೆ ಸೆಕೆಂಡಿಗೆ 13ಕ್ಕೂ ಜಾಸ್ತಿ ಹೊಡೆತ. ಒಂದೊಂದು ಕಾಲಿಗೆ ಆರೂವರೆ ಮೀರುತ್ತದೆ. ಅಷ್ಟು ವೇಗದಲ್ಲಿ ಪೆಡಲ್ ಒಳಗೆ ಕೂದಲೆಳೆಯಷ್ಟು ಸಡಿಲ ಇದ್ದರೂ ಕಾಲಿಗೆ ಗೊತ್ತಾಗುತ್ತದೆ. ನಿಧಾನ ಹಾಡಲ್ಲಿ ಅದೇ ಪೆಡಲ್ ಚೆನ್ನಾಗಿಯೇ ಇರುತ್ತದೆ. ಅಂಗಡಿಯಲ್ಲಿ ನಾಲ್ಕು ಸಲ ತುಳಿದು "ಪರವಾಗಿಲ್ಲ" ಅಂದು ಬರುವವರು ಮೋಸ ಹೋಗುವುದು ಇಲ್ಲೇ.

ನೋಡುವ ಬಗೆ ಹೇಳುತ್ತೇನೆ. ಪೆಡಲ್ ನೆಲಕ್ಕೆ ಇಡಿ. ಎಡಗಡೆಯ ಪೆಡಲ್‌ನಿಂದ ಬಲಗಡೆಗೆ ಒಂದು ಶಾಫ್ಟ್ ಬರುತ್ತದೆ, ಎರಡೂ ತುದಿಗೆ ತಿರುಗುವ ಕೀಲು ಇರುತ್ತದೆ. ಒಂದು ಕೈಯಲ್ಲಿ ಎಡ ಬೀಟರ್ (ಡ್ರಮ್‌ಗೆ ಬಡಿಯುವ ಸುತ್ತಿಗೆ) ಅಲುಗದಂತೆ ಹಿಡಿಯಿರಿ. ಇನ್ನೊಂದು ಕೈಯ ಒಂದೇ ಬೆರಳಿಂದ ಎಡ ಫುಟ್‌ಬೋರ್ಡನ್ನು ಮೆಲ್ಲಗೆ ಒತ್ತಿ. ಬೋರ್ಡ್ ತಕ್ಷಣ ತಡೆದರೆ ಒಳ್ಳೆಯದು. ಬೀಟರ್ ಅಲುಗದೆ ಬೋರ್ಡ್ ಮಾತ್ರ ಸ್ವಲ್ಪ ಕೆಳಗೆ ಹೋದರೆ, "ಟಕ್" ಅನ್ನುವ ಸಣ್ಣ ಸದ್ದು ಬಂದರೆ, ಕೀಲಿನಲ್ಲಿ ಆಟ ಇದೆ. ಮೊದಲು ಅಲ್ಲಿರುವ ಸ್ಕ್ರೂಗಳನ್ನು ಡ್ರಮ್ ಕೀಯಿಂದ ಬಿಗಿ ಮಾಡಿ ಮತ್ತೆ ನೋಡಿ. ಆಮೇಲೂ ಹಾಗೇ ಇದ್ದರೆ ಆ ಪೆಡಲ್ ಬಿಡಿ. ಹೊಸದರಲ್ಲೇ ಆಟ ಇದ್ದರೆ ಆರು ತಿಂಗಳಲ್ಲಿ ಅದು ಕುಣಿತ ಆಗುತ್ತದೆ.

ಮುಂದೆ, ಬೀಟರ್‌ಗಳನ್ನು ಹಿಂದಕ್ಕೆ ಎಳೆದು ಬಿಡಿ. ಎರಡೂ ಹೆಚ್ಚುಕಡಿಮೆ ಒಂದೇ ಥರ ಓಲಾಡಿ ನಿಲ್ಲಬೇಕು. ಒಂದು ಬೇಗ ಸತ್ತಂತೆ ನಿಂತರೆ ಆ ಬದಿಯ ಬೇರಿಂಗ್ ಒರಟು. ಎಡ ಬದಿ ಸ್ವಲ್ಪ ಭಾರ ಅನ್ನಿಸುವುದು ಸಹಜ, ಶಾಫ್ಟ್ ಎಳೆಯಬೇಕಲ್ವಾ. ತೀರಾ ಭಾರ ಇರಬಾರದು, ಅಷ್ಟೇ.

ಚೈನ್ ಬೇಕೋ ಡೈರೆಕ್ಟ್ ಡ್ರೈವ್ ಬೇಕೋ ಅನ್ನುವ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಡೈರೆಕ್ಟ್ ಡ್ರೈವ್‌ನಲ್ಲಿ ಚೈನ್ ಬದಲು ಗಟ್ಟಿ ಕಂಬಿ ಇರುತ್ತದೆ, ಕಾಲಿಗೆ ನೇರವಾದ ಅನುಭವ. ಆದರೆ ಅಗ್ಗದ ಡೈರೆಕ್ಟ್ ಡ್ರೈವ್‌ನಲ್ಲಿ ಸವೆಯುವ ಕೀಲುಗಳು ಇನ್ನೂ ಜಾಸ್ತಿ. ಕಡಿಮೆ ದುಡ್ಡಿಗೆ ಒಳ್ಳೆಯ ಚೈನ್ ಪೆಡಲ್ ಸಿಗುವುದು ಸುಲಭ. ಒಂಟಿ ಚೈನ್ ಇದ್ದರೂ ಸಾಕು, ಜೋಡಿ ಚೈನ್‌ನಿಂದ ವೇಗ ಬರುವುದಿಲ್ಲ. ತಾಮಾದ ಐರನ್ ಕೋಬ್ರಾ 200, ಪರ್ಲ್‌ನ ಪಿ-932 ಈ ದರ್ಜೆಯಲ್ಲಿ ನೋಡಬೇಕಾದ ಹೆಸರುಗಳು. ಪೆಡಲ್‌ನ ಅಡಿಗೆ ತಗಡಿನ ಬೇಸ್ ಪ್ಲೇಟ್ ಇರಲೇಬೇಕು. ಬರೀ ತಂತಿಯ ಕಾಲಿನ ಪೆಡಲ್ ನೆಲದ ಮೇಲೆ ತಿರುಚಿಕೊಳ್ಳುತ್ತದೆ.

ಎಡಗಾಲು ಮುಂದಿರುವವರು ಗಮನಿಸಿ: ಸಾಮಾನ್ಯ ಡಬಲ್ ಪೆಡಲ್‌ನ ಮುಖ್ಯ ಪೆಡಲ್ ಬಲಗಾಲಿಗೆ. ಎಡಗೈಯವರ ಮಾದರಿ ಬೇರೆಯೇ ಇರುತ್ತದೆ, ಕೇಳಿ ತಗೊಳ್ಳಿ.

ಎಲ್ಲರೂ ಮಾಡುವ ತಪ್ಪು ಒಂದಿದೆ. ವೇಗ ಬರಲಿ ಅಂತ ಸ್ಪ್ರಿಂಗ್ ಪೂರ್ತಿ ಬಿಗಿ ಮಾಡುತ್ತಾರೆ. ಹತ್ತು ನಿಮಿಷಕ್ಕೆ ಕಣಕಾಲು ಕಲ್ಲಾಗುತ್ತದೆ, ಬೈಗುಳ ಪೆಡಲ್‌ಗೆ. ನಡುಮಧ್ಯದ ಬಿಗಿತದಲ್ಲಿ ಶುರು ಮಾಡಿ, ಒಂದೆರಡು ವಾರ ಅದನ್ನು ಮುಟ್ಟಬೇಡಿ.

ಹಂತ 4: ಸ್ಟೂಲ್ ಮತ್ತು ಸ್ಟ್ಯಾಂಡ್

ಡಬಲ್ ಕಿಕ್ ನುಡಿಸುವಾಗ ಎರಡೂ ಕಾಲು ಕುಣಿಯುತ್ತಿರುತ್ತವೆ. ದೇಹದ ಭಾರ ಪೂರ್ತಿ ಸ್ಟೂಲ್ ಮೇಲೆ. ಅಲ್ಲಾಡುವ ಸ್ಟೂಲ್ ಇದ್ದರೆ ಸೊಂಟ ಗಟ್ಟಿ ಹಿಡಿಯಬೇಕಾಗುತ್ತದೆ, ಕಾಲಿನ ಸಡಿಲ ಹೋಗುತ್ತದೆ. ಜೋಡಿ ಪಟ್ಟಿಯ ಕಾಲು, ತಿರುಪಿನಿಂದ ಎತ್ತರ ಬದಲಿಸುವ ಕಂಬ, ಮೂಳೆ ತಾಗದಷ್ಟು ದಪ್ಪ ಕುಶನ್, ಈ ಮೂರು ಸಾಕು. ಸೆಟ್ ಜೊತೆ ಉಚಿತವಾಗಿ ಬರುವ ಸಣ್ಣ ಸ್ಟೂಲನ್ನು ಗಿಟಾರ್ ನುಡಿಸುವ ಗೆಳೆಯನಿಗೆ ಬಿಡಿ.

ಹೈ-ಹ್ಯಾಟ್ ಸ್ಟ್ಯಾಂಡ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಮೂರು ಕಾಲಿನ ಸ್ಟ್ಯಾಂಡ್ ಆದರೆ ಕಾಲುಗಳು ಕಂಬದ ಸುತ್ತ ತಿರುಗುವಂತಿರಬೇಕು. ಇಲ್ಲದಿದ್ದರೆ ಎಡ ಪೆಡಲ್ ಇಡಲು ಜಾಗವೇ ಸಿಗುವುದಿಲ್ಲ, ಕಾಲಿಗೆ ಕಾಲು ಸಿಕ್ಕಿಕೊಳ್ಳುತ್ತದೆ. ಎರಡು ಕಾಲಿನ ಸ್ಟ್ಯಾಂಡ್ ಇನ್ನೂ ಅನುಕೂಲ. ಜೊತೆಗೆ ಒಂದು ಡ್ರಾಪ್ ಕ್ಲಚ್ ತಗೊಳ್ಳಿ. ಎರಡೂ ಕಾಲು ಕಿಕ್ ಮೇಲಿರುವಾಗ ಸ್ಟಿಕ್ಕಿಂದ ಅದನ್ನು ತಟ್ಟಿದರೆ ಮೇಲಿನ ಹ್ಯಾಟ್ ಕೆಳಗಿನದರ ಮೇಲೆ ಬಿದ್ದು ಮುಚ್ಚಿಕೊಳ್ಳುತ್ತದೆ. ಚಿಕ್ಕ ಸಾಮಾನು, ದೊಡ್ಡ ಉಪಕಾರ.

ಹಂತ 5: ಸಿಂಬಲ್‌ಗಳು

ಡ್ರಮ್‌ನ ಸದ್ದನ್ನು ಹೆಡ್ ಬದಲಿಸಿ, ಟ್ಯೂನ್ ಮಾಡಿ ಸರಿ ಮಾಡಬಹುದು. ಸಿಂಬಲ್‌ಗೆ ಆ ಭಾಗ್ಯ ಇಲ್ಲ. ಕೆಟ್ಟ ಸಿಂಬಲ್ ಕೆಟ್ಟದ್ದೇ. ಹಾಗಾಗಿ ಇಲ್ಲಿ ಸಂಖ್ಯೆ ಕಡಿಮೆ ಮಾಡಿ, ಗುಣಮಟ್ಟ ಉಳಿಸಿಕೊಳ್ಳಿ.

ಲೋಹದ ಲೆಕ್ಕ ಸ್ವಲ್ಪ ಗೊತ್ತಿರಲಿ. ಅತಿ ಅಗ್ಗದವು ಹಿತ್ತಾಳೆಯವು, ಅಂದರೆ ತಾಮ್ರ ಮತ್ತು ಸತು. ಮೈನ್ಲ್ ಎಚ್‌ಸಿಎಸ್, ಜಿಲ್ಜಿಯನ್ ಪ್ಲಾನೆಟ್ ಜೆಡ್, ಸೇಬಿಯನ್ ಎಸ್‌ಬಿಆರ್ ಈ ಗುಂಪಿನವು. ಕಲಿಯಲು ಸರಿ, ಆದರೆ ಜೋರಾಗಿ ಹೊಡೆದಾಗ ಸದ್ದು ಹರಡುವುದಿಲ್ಲ, ಅಂಚು ಬಾಗುತ್ತದೆ. ಅದರ ಮೇಲಿನದು ಬಿ8 ಕಂಚು: 92 ಪಾಲು ತಾಮ್ರ, 8 ಪಾಲು ತವರ. ಸದ್ದು ಚುರುಕು, ಗಿಟಾರ್‌ಗಳ ಗದ್ದಲವನ್ನು ಸೀಳಿಕೊಂಡು ಬರುತ್ತದೆ. ಸೇಬಿಯನ್ ಬಿ8ಎಕ್ಸ್, ಪೈಸ್ಟೆ ಪಿಎಸ್‌ಟಿ 7 ಇಲ್ಲಿ ಬರುತ್ತವೆ. ಜಿಲ್ಜಿಯನ್ ಎಸ್ ಸರಣಿ ಬಿ12. ದುಬಾರಿ ಸಿಂಬಲ್‌ಗಳಲ್ಲಿ ಬಹುಪಾಲು ಬಿ20, ಅಂದರೆ 80 ಪಾಲು ತಾಮ್ರ, 20 ಪಾಲು ತವರ.

ಹಾಗಂತ ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಅಂತಲ್ಲ. ಪೈಸ್ಟೆಯ ದುಬಾರಿ 2002 ಸರಣಿ ಕೂಡ ಬಿ8 ಲೋಹದ್ದೇ. ತಯಾರಿಕೆಯ ಕೆಲಸ ಲೋಹದಷ್ಟೇ ಮುಖ್ಯ. ಮೆಟಲ್‌ಗೆ ಕಡಿಮೆ ದುಡ್ಡಲ್ಲಿ ಬಿ8 ಮತ್ತು ಬಿ12 ಸಾಕಷ್ಟು ಚೆನ್ನಾಗಿ ಹೊಂದುತ್ತವೆ.

ಕೊಳ್ಳುವ ಕ್ರಮ ಹೀಗಿರಲಿ. ಮೊದಲು 14 ಇಂಚಿನ ಹೈ-ಹ್ಯಾಟ್ ಮತ್ತು 18 ಇಂಚಿನ ಒಂದು ಕ್ರ್ಯಾಶ್. ಆಮೇಲೆ 20 ಅಥವಾ 22 ಇಂಚಿನ ರೈಡ್, ಅದರ ಬೆಲ್ (ನಡುವಿನ ಉಬ್ಬು) ಗಂಟೆಯಂತೆ ಸ್ಪಷ್ಟವಾಗಿ ಕೇಳಬೇಕು. ಮೂರನೆಯದಾಗಿ ಚೈನಾ, 18 ಇಂಚು ಸಾಕು. ಎರಡನೆಯ ಕ್ರ್ಯಾಶ್ ಕೊನೆಗೆ. ಜೋರಾಗಿ ಹೊಡೆಯುವವರು 16ಕ್ಕಿಂತ 18 ಇಂಚಿನದನ್ನೇ ತಗೊಳ್ಳಿ. ದೊಡ್ಡದು ತಾಳಿಕೊಳ್ಳುತ್ತದೆ, ಚಿಕ್ಕ ತೆಳು ಕ್ರ್ಯಾಶ್ ಬೇಗ ಸೀಳುತ್ತದೆ. ಸ್ಪ್ಲ್ಯಾಶ್, ಬೆಲ್, ಸ್ಟ್ಯಾಕ್ ಥರದ ಹೆಚ್ಚುವರಿ ಸಿಂಬಲ್ ಎಲ್ಲ ಮುಂದಿನ ವರ್ಷ ನೋಡೋಣ.

ಡ್ರಮ್ ಹೊಸದು ತಗೊಂಡರೂ ಸಿಂಬಲ್ ಹಳೆಯದು ತಗೊಳ್ಳುವುದು ಜಾಣತನ. ಹೊಸ ಹಿತ್ತಾಳೆಯ ದುಡ್ಡಿಗೆ ಹಳೆಯ ಕಂಚು ಸಿಗುತ್ತದೆ. ಆದರೆ ಪರೀಕ್ಷೆ ಮಾಡದೆ ಬೇಡ. ಅಂಚಿನ ಸುತ್ತ ಉಗುರು ಓಡಿಸಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ಬೆಳಕಿಗೆ ಹಿಡಿದು ನೋಡಿ. ನಡುವಿನ ತೂತು ಉರುಟಾಗಿ ಇರಬೇಕು. ಒಂದು ಕಡೆ ಸವೆದು ಬೀಗದ ಕಿಂಡಿಯ ಆಕಾರ ಬಂದಿದ್ದರೆ ಹಿಂದಿನವರು ಸ್ಟ್ಯಾಂಡ್‌ನ ಕಂಬಿಗೆ ಪ್ಲಾಸ್ಟಿಕ್ ಸ್ಲೀವ್ ಹಾಕದೆ ನುಡಿಸಿದ್ದಾರೆ. ಮೇಲ್ಮೈಯ ಸುತ್ತುಗೆರೆಗಳ ಗುಂಟ ಬರುವ ಬಿರುಕು ಎಲ್ಲಕ್ಕಿಂತ ಕೆಟ್ಟದ್ದು, ಕಣ್ಣಿಗೆ ಬೀಳುವುದಿಲ್ಲ, ಹಬ್ಬುತ್ತಾ ಹೋಗುತ್ತದೆ. ಆಮೇಲೆ ಬೆರಳಲ್ಲಿ ನೇತುಹಾಕಿ ಮೆಲ್ಲಗೆ ತಟ್ಟಿ. ಸದ್ದು ಕೊನೆಯವರೆಗೂ ತೇಲಬೇಕು. "ಝ್ರ್ರ್" ಅಂತ ಅದುರಿದರೆ ಬಿಟ್ಟುಬಿಡಿ.

ಆರು ತಿಂಗಳಿಗೆ ಸಿಂಬಲ್ ಸೀಳುವುದರಲ್ಲಿ ನುಡಿಸುವ ನಮ್ಮ ತಪ್ಪೂ ಇರುತ್ತದೆ. ಮೇಲಿನ ನಟ್ಟನ್ನು ಬಿಗಿಯಾಗಿ ತಿರುಗಿಸಿ, ಸಿಂಬಲ್ ಅಲುಗದಂತೆ ಕಟ್ಟಿಹಾಕುತ್ತೇವೆ. ಹೊಡೆತದ ಬಲ ಹೋಗಲು ದಾರಿ ಇಲ್ಲದೆ ಲೋಹವೇ ಸೀಳುತ್ತದೆ. ಸಿಂಬಲ್ ಓಲಾಡಬೇಕು, ನಿಮ್ಮ ಕಡೆಗೆ ಸ್ವಲ್ಪ ವಾಲಿರಬೇಕು. ಸ್ಟಿಕ್ ಅಂಚಿಗೆ ನೇರವಾಗಿ ಗುದ್ದದೆ ಸವರಿಕೊಂಡು ಹೋಗಬೇಕು.

ಹಂತ 6: ಈಗ ಡ್ರಮ್‌ಗಳು

ಕೊನೆಗೂ ಬಂತು ಅಲ್ವಾ. ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಮೇಪಲ್, ಬರ್ಚ್, ಪಾಪ್ಲರ್, ಯಾವ ಮರ? ನನ್ನ ಅಭಿಪ್ರಾಯ ಇಷ್ಟೇ. ಬರ್ಚ್‌ನ ಹೊಡೆತ ಸ್ವಲ್ಪ ಚೂಪು, ಮೆಟಲ್‌ಗೆ ಅದು ಲಾಭ. ಮೇಪಲ್ ಸ್ವಲ್ಪ ಬೆಚ್ಚಗೆ. ಪಾಪ್ಲರ್ ಅಗ್ಗ, ಕೆಲಸ ಮಾಡುತ್ತದೆ. ಆದರೆ ಎರಡು ಡಿಸ್ಟಾರ್ಶನ್ ಗಿಟಾರ್ ಶುರುವಾದ ಮೇಲೆ ಈ ವ್ಯತ್ಯಾಸ ಹೇಳುವವರು ಬಹಳ ಕಡಿಮೆ. ಹೆಡ್ ಮತ್ತು ಟ್ಯೂನಿಂಗ್ ತರುವ ವ್ಯತ್ಯಾಸವನ್ನು ಮಾತ್ರ ಯಾರು ಬೇಕಾದರೂ ಕೇಳುತ್ತಾರೆ.

ಯಮಾಹಾ ಸ್ಟೇಜ್ ಕಸ್ಟಮ್ ಬರ್ಚ್, ಪಾಪ್ಲರ್ ಮತ್ತು ಮಹಾಗನಿ ಸೇರಿಸಿ ಮಾಡಿದ ಪರ್ಲ್ ಎಕ್ಸ್‌ಪೋರ್ಟ್, ಪಾಪ್ಲರ್‌ನ ತಾಮಾ ಇಂಪೀರಿಯಲ್‌ಸ್ಟಾರ್, ಈ ಮೂರು ಮೆಟಲ್ ನುಡಿಸುವವರು ಮೊದಲು ನೋಡಬೇಕಾದ ಸೆಟ್‌ಗಳು. ಇಂಪೀರಿಯಲ್‌ಸ್ಟಾರ್‌ನ ಪೂರ್ತಿ ಸೆಟ್ ಜೊತೆ ಬರುವ ಸಿಂಬಲ್‌ಗಳು ಎಚ್‌ಸಿಎಸ್, ಅಂದರೆ ಹಿತ್ತಾಳೆ. ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಅಳತೆಯ ವಿಷಯಕ್ಕೆ ಬರೋಣ. ಕಿಕ್ 22 ಇಂಚು ಅಗಲ ಇರಲಿ. ಆ ಅಳತೆಗೆ ಹೆಡ್ ಸುಲಭವಾಗಿ ಸಿಗುತ್ತದೆ, ಕೆಳಸ್ವರವೂ ಬರುತ್ತದೆ. ಆಳ 16 ಅಥವಾ 18. ಆಳ ಜಾಸ್ತಿ ಆದರೆ ಸದ್ದು ಜೋರು ಅನ್ನುವುದು ತಪ್ಪು ನಂಬಿಕೆ. ನಾನು 16ರ ಪಕ್ಷ. ಬೀಟರ್‌ಗೆ ಬೇಗ ಸ್ಪಂದಿಸುತ್ತದೆ, ಜಾಗವೂ ಕಡಿಮೆ ಸಾಕು.

ಟಾಮ್‌ನ ಎತ್ತರ ಮನೆಗೆ ಬಂದ ಮೇಲೇ ಅರಿವಾಗುವ ಸಮಸ್ಯೆ. ಲೆಕ್ಕ ಹಾಕಿ: ಕಿಕ್ 22 ಇಂಚು, ಅದರ ಮೇಲೆ 9 ಇಂಚು ಆಳದ ಟಾಮ್, ನಡುವೆ ಎರಡು ಇಂಚು ಗಾಳಿ. ಟಾಮ್‌ನ ಬಾಯಿ ನೆಲದಿಂದ 33 ಇಂಚು ಮೇಲೆ ಹೋಯಿತು. ಮಧ್ಯಮ ಎತ್ತರದವರಿಗೆ ಅದು ಎದೆಗೆ ಬರುತ್ತದೆ. ಆಗ ಟಾಮನ್ನು ಪೂರ್ತಿ ವಾಲಿಸುತ್ತಾರೆ, ಸ್ಟಿಕ್ಕಿನ ತುದಿ ಹೆಡ್‌ಗೆ ಚುಚ್ಚಿ ಗುಳಿ ಬೀಳುತ್ತದೆ. ಆಳ ಕಡಿಮೆಯ ಟಾಮ್ ತಗೊಳ್ಳಿ. 10 ಇಂಚಿನದಕ್ಕೆ 7, 12 ಇಂಚಿನದಕ್ಕೆ 8 ಇಂಚು ಆಳ ಒಳ್ಳೆಯದು. ಫ್ಲೋರ್ ಟಾಮ್ 16. ನಾಲ್ಕೇ ಪೀಸು ಸಾಕು ಅನ್ನುವವರು 12 ಮತ್ತು 16 ಇಟ್ಟುಕೊಂಡು, 12ನ್ನು ಸ್ವಲ್ಪ ಎಡಕ್ಕೆ ತಳ್ಳಿ, ರೈಡನ್ನು ಹತ್ತಿರ ತರಬಹುದು. ನಾನು ಈಗ ನುಡಿಸುವುದು ಹೀಗೇ.

ಅಳತೆ ಬರೆಯುವಾಗ ಕೆಲವು ಕಂಪನಿಗಳು ಅಗಲ ಮೊದಲು, ಕೆಲವು ಆಳ ಮೊದಲು ಬರೆಯುತ್ತವೆ. ಟಾಮ್ ಮತ್ತು ಕಿಕ್‌ನಲ್ಲಿ ದೊಡ್ಡ ಸಂಖ್ಯೆಯೇ ಸಾಮಾನ್ಯವಾಗಿ ಅಗಲ. ಅನುಮಾನ ಇದ್ದರೆ ಟೇಪ್ ಹಿಡಿಯಿರಿ.

ಸ್ನೇರ್ 14 ಇಂಚು ಅಗಲ, ಆರೂವರೆ ಇಂಚು ಆಳ, ಉಕ್ಕಿನದು ಸಿಕ್ಕರೆ ಮೆಟಲ್‌ಗೆ ಬಹಳ ಹೊಂದುತ್ತದೆ. ಸುತ್ತ 10 ಲಗ್ (ಹೆಡ್ ಬಿಗಿ ಮಾಡುವ ತಿರುಪು ಕೂರುವ ಹಿಡಿ) ಇದ್ದರೆ ಟ್ಯೂನಿಂಗ್ ಹಿಡಿದು ನಿಲ್ಲುತ್ತದೆ. ಅಗ್ಗದ ಸೆಟ್ ಜೊತೆ ಬರುವ ಸ್ನೇರ್ ಇಷ್ಟವಾಗದಿದ್ದರೆ ಇಡೀ ಸೆಟ್ ಬಿಡಬೇಡಿ. ಸ್ನೇರ್ ಒಂದನ್ನೇ ಆಮೇಲೆ ಬದಲಿಸಬಹುದು.

ಹಂತ 7: ದುಡ್ಡು ಕೊಡುವ ಮೊದಲಿನ ತಪಾಸಣೆ

1. ಎಲ್ಲ ಲಗ್‌ಗಳಿಗೂ ಡ್ರಮ್ ಕೀ ಹಾಕಿ ತಿರುಗಿಸಿ ನೋಡಿ. ತಿರುಪು ನಯವಾಗಿ ಹೋಗಬೇಕು. ಕರಕರ ಅಂದರೆ ತಿರುಪಿನ ಹಲ್ಲು ಕೆಟ್ಟಿದೆ.

2. ಒಂದು ಟಾಮ್‌ನ ಎರಡೂ ಹೆಡ್ ಬಿಚ್ಚಲು ಕೇಳಿ. ಶೆಲ್‌ನ, ಅಂದರೆ ಡ್ರಮ್‌ನ ಮರದ ಒಡಲಿನ, ಅಂಚಿನ ಮೇಲೆ ಬೆರಳು ಓಡಿಸಿ. ಹೆಡ್ ಕೂರುವುದು ಈ ಅಂಚಿನ ಮೇಲೇ. ಗುಳಿ, ಸೀಳು, ಅಂಟಿನ ಉಂಡೆ ಏನೂ ಇರಬಾರದು. ಸಮತಟ್ಟಾದ ಗಾಜು ಅಥವಾ ಗ್ರಾನೈಟ್ ಮೇಲೆ ಶೆಲ್ ಬೋರಲು ಹಾಕಿ, ಮೇಲಿನ ಬಾಯಿಂದ ಟಾರ್ಚ್ ಒಳಗೆ ಹಿಡಿದು, ಕೆಳಗಿನ ಅಂಚಿನಿಂದ ಬೆಳಕು ಎಲ್ಲಿ ಸೋರುತ್ತದೆ ನೋಡಿ. ಒಮ್ಮೆ ಗೆಳೆಯನ ಟಾಮ್‌ನಲ್ಲಿ ಹೀಗೆ ನೋಡಿದಾಗ ಒಂದು ಕಡೆ ಎರಡು ಬೆರಳು ಅಗಲಕ್ಕೆ ಬೆಳಕಿನ ಗೆರೆ ಕಂಡಿತು. ಆ ಟಾಮನ್ನು ಟ್ಯೂನ್ ಮಾಡಲು ಅವನು ಮೂರು ತಿಂಗಳು ಒದ್ದಾಡಿದ್ದ, ತಪ್ಪು ತನ್ನ ಕಿವಿಯದು ಅಂದುಕೊಂಡಿದ್ದ.

3. ಬಿಚ್ಚಿದ ಹೆಡ್ಡನ್ನು ರಿಮ್ (ಹೆಡ್ಡನ್ನು ಒತ್ತಿ ಹಿಡಿಯುವ ಬಳೆ) ಇಲ್ಲದೆ ಶೆಲ್ ಮೇಲೆ ಇಟ್ಟು ತಿರುಗಿಸಿ. ಸಲೀಸಾಗಿ ತಿರುಗಬೇಕು. ಒಂದು ಕಡೆ ಸಿಕ್ಕಿಕೊಂಡರೆ ಶೆಲ್ ಉರುಟಾಗಿಲ್ಲ, ಇಲ್ಲವೇ ಅದರ ಅಳತೆ ಸರಿಯಿಲ್ಲ.

4. ಟಾಮ್ ಹಿಡಿಯುವ ತೋಳನ್ನು ಬಿಗಿ ಮಾಡಿ, ಟಾಮನ್ನು ಕೆಳಕ್ಕೆ ಒತ್ತಿ. ನಿಧಾನವಾಗಿ ಜಾರಿದರೆ ಹಾಡಿನ ನಡುವೆಯೂ ಜಾರುತ್ತದೆ.

5. ಸ್ನೇರ್‌ನ ತಂತಿ ಬಿಡುವ ಲಿವರನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿ. ಕೊನೆಯಲ್ಲಿ ತಂತಿಯ ಬಿಗಿತ ಮೊದಲಿನಷ್ಟೇ ಇರಬೇಕು.

6. ಕಿಕ್‌ನ ಮುಂದಿನ ಕಾಲುಗಳನ್ನು ಇಳಿಸಿ, ಪೆಡಲ್ ಹಾಕಿ ಒಂದು ನಿಮಿಷ ಜೋರಾಗಿ ತುಳಿಯಿರಿ. ಡ್ರಮ್ ನಿಮ್ಮಿಂದ ದೂರ ಓಡಬಾರದು.

ಡಬ್ಬ ಮನೆಗೇ ಬರುವುದಾದರೆ ಇದನ್ನೆಲ್ಲ ಬಂದ ದಿನವೇ ಮಾಡಿ, ಡಬ್ಬ ಬಿಚ್ಚುವುದನ್ನು ವಿಡಿಯೊ ಮಾಡಿಕೊಳ್ಳಿ. ವಾಪಸ್ ಕೊಡುವ ಗಡುವು ಮುಗಿಯುವ ತನಕ ಡಬ್ಬ ಎಸೆಯಬೇಡಿ.

ಹಂತ 8: ಹೆಡ್ ಬದಲಿಸಿ, ಆಮೇಲೆ ತೀರ್ಪು ಕೊಡಿ

ಅಗ್ಗದ ಸೆಟ್ ಜೊತೆ ಬರುವ ಹೆಡ್‌ಗಳು ಹಾಳೆಯಂತಿರುತ್ತವೆ. ಅದರ ಸದ್ದು ಕೇಳಿ ಸೆಟ್ ಸರಿಯಿಲ್ಲ ಅನ್ನಬೇಡಿ.

ಟಾಮ್‌ಗಳ ಮೇಲ್ಭಾಗಕ್ಕೆ ಎರಡು ಪದರದ ಹೆಡ್ ಹಾಕಿ. ರೆಮೋ ಎಂಪರರ್, ಇವಾನ್ಸ್ ಜಿ2 ಎರಡರಲ್ಲೂ ತಲಾ 7 ಮಿಲ್‌ನ ಎರಡು ಪದರ ಇರುತ್ತದೆ. ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು. ಕೆಳಭಾಗಕ್ಕೆ 10 ಮಿಲ್‌ನ ಒಂದೇ ಪದರದ್ದು ಸಾಕು. ಅದನ್ನು ಸದ್ಯಕ್ಕೆ ಬದಲಿಸದಿದ್ದರೂ ನಡೆಯುತ್ತದೆ. ಕಿಕ್‌ಗೆ ರೆಮೋ ಪವರ್‌ಸ್ಟ್ರೋಕ್ 3 ಅಥವಾ ಇವಾನ್ಸ್ ಇಮ್ಯಾಡ್. ಎರಡರಲ್ಲೂ ಸದ್ದು ಎಳೆಯದಂತೆ ತಡೆಯುವ ಏರ್ಪಾಡು ಹೆಡ್‌ನಲ್ಲೇ ಇರುತ್ತದೆ.

ಕಿಕ್‌ನ ಕ್ಲಿಕ್ ಹುಡುಕುವವರು ಈ ಕ್ರಮದಲ್ಲಿ ಹೋಗಿ. ಹೊಡೆಯುವ ಬದಿಯ ಹೆಡ್ಡನ್ನು ಸುಕ್ಕು ಮಾಯವಾಗುವಷ್ಟು ಮಾತ್ರ ಬಿಗಿ ಮಾಡಿ, ಪ್ರತಿ ತಿರುಪಿಗೂ ಇನ್ನು ಕಾಲು ಸುತ್ತು ಕೊಡಿ. ಒಳಗೆ ಒಂದು ಸಣ್ಣ ದಿಂಬು, ಹೆಡ್‌ಗೆ ತಾಗಿಯೂ ತಾಗದ ಹಾಗೆ. ಫೆಲ್ಟ್ ಬೀಟರ್ ಬದಲು ಪ್ಲಾಸ್ಟಿಕ್ ಅಥವಾ ಮರದ ಬದಿ. ಬೀಟರ್ ತಾಗುವ ಜಾಗಕ್ಕೆ ಪ್ಯಾಚ್ ಅಂಟಿಸಿ, ಇಲ್ಲದಿದ್ದರೆ ಗಟ್ಟಿ ಬೀಟರ್ ಹೆಡ್ಡನ್ನು ಬೇಗ ತಿಂದುಹಾಕುತ್ತದೆ. ಡಬಲ್ ಪೆಡಲ್‌ಗೆ ಎರಡು ಬೀಟರ್ ಹಿಡಿಯುವ ಅಗಲದ ಪ್ಯಾಚ್ ಕೇಳಿ ತಗೊಳ್ಳಿ.

ಇಷ್ಟಾದರೂ ಆಲ್ಬಂನಲ್ಲಿ ಕೇಳುವ ಕಿಕ್ ಬರುವುದಿಲ್ಲ. ಮೆಟಲ್ ರೆಕಾರ್ಡಿಂಗ್‌ಗಳಲ್ಲಿ ಆ ಸದ್ದು ಬಹಳ ಸಲ ಟ್ರಿಗರ್ (ಹೊಡೆತ ಹಿಡಿದು ಎಲೆಕ್ಟ್ರಾನಿಕ್ ಸದ್ದು ಎಬ್ಬಿಸುವ ಸಾಧನ), ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಸದ್ದು), ಇಕ್ಯೂ (ಸದ್ದಿನ ಏರಿಳಿತ ತಿದ್ದುವುದು) ಸೇರಿ ಆಗಿರುತ್ತದೆ. ಬರೀ ಡ್ರಮ್‌ನಿಂದ ಅದನ್ನು ಹಿಂಡಲು ಹೋಗಿ ಸೆಟ್ ಮೇಲೆ ಸೆಟ್ ಬದಲಿಸಿದವರಿದ್ದಾರೆ. ಟ್ರಿಗರ್ ಮುಂದೆ ಯಾವಾಗ ಬೇಕಾದರೂ ಈ ಕಿಕ್‌ಗೇ ಸಿಕ್ಕಿಸಬಹುದು.

ಈ ಲಕ್ಷಣ ಕಂಡರೆ ಹಿಂದೆ ಬನ್ನಿ

ಕಂಪನಿಯ ಹೆಸರಿದೆ, ಮರದ ಹೆಸರಿಲ್ಲ, ಬರೀ "ಗಟ್ಟಿ ಮರ" ಅಂತ ಬರೆದಿದೆ. ಕಿಕ್ 16 ಅಥವಾ 18 ಇಂಚು, ಅಂದರೆ ಮಕ್ಕಳ ಸೆಟ್ ಇಲ್ಲವೇ ಪುಟ್ಟ ಜಾಗಕ್ಕೆ ಮಾಡಿದ್ದು. ಸ್ಟ್ಯಾಂಡ್‌ನ ಕಾಲಿಗೆ ಒಂಟಿ ತೆಳು ಪಟ್ಟಿ, ಮೇಲೆ ಭಾರದ ಚೈನಾ. ಹೆಡ್ ಬಿಚ್ಚಲು ಕೇಳಿದರೆ ಅಂಗಡಿಯವರು ಮಾತು ಮರೆಸುತ್ತಾರೆ. "ಇವತ್ತೇ ಕೊನೆ ದಿನ" ಅನ್ನುತ್ತಾರೆ. "ಸಿಂಬಲ್, ಪೆಡಲ್, ಸ್ಟೂಲ್ ಎಲ್ಲ ಫ್ರೀ" ಅನ್ನುವುದಂತೂ ಎಚ್ಚರಿಕೆಯ ದೊಡ್ಡ ಗಂಟೆ. ಆ ಫ್ರೀ ಸಾಮಾನನ್ನೆಲ್ಲ ತೆಗೆದು, ಡ್ರಮ್ ಮಾತ್ರ ಎಷ್ಟಕ್ಕೆ ಕೊಡುತ್ತೀರಿ ಅಂತ ಕೇಳಿ ನೋಡಿ. ಬೆಲೆ ಇಳಿಯಿತು ಅಂದರೆ ಅದು ಫ್ರೀ ಆಗಿರಲಿಲ್ಲ.

ಮನೆಗೆ ತಂದ ಮೇಲೆ

ಮೊದಲು ಕಾರ್ಪೆಟ್ ಹಾಸಿ, ಅದರ ಮೇಲೆ ಸ್ಟೂಲ್ ಇಟ್ಟು ಕೂತುಕೊಳ್ಳಿ. ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲಿರಲಿ. ಎರಡೂ ಕಾಲು ಸಹಜವಾಗಿ ಎಲ್ಲಿ ಬೀಳುತ್ತವೋ ಅಲ್ಲಿ ಪೆಡಲ್‌ಗಳು. ನಡುವೆ ಸ್ನೇರ್. ಆಮೇಲೆ ಉಳಿದದ್ದು. ಸರಿಯಾದ ಮೇಲೆ ಪ್ರತಿ ಕಾಲಿನ ಜಾಗಕ್ಕೂ ಕಾರ್ಪೆಟ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ.

ಕಿವಿಯ ಪ್ಲಗ್ ಮರೆಯಬೇಡಿ. ಜೋರಾಗಿ ನುಡಿಸುವಾಗ ಡ್ರಮ್ ಸೆಟ್ 100 ಡೆಸಿಬಲ್ ದಾಟುತ್ತದೆ. ಕೆಲಸಗಾರರ ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯಾಶ್ ಸಂಸ್ಥೆಯ ಶಿಫಾರಸಿನ ಪ್ರಕಾರ 100 ಡೆಸಿಬಲ್‌ನಲ್ಲಿ ದಿನಕ್ಕೆ 15 ನಿಮಿಷವೇ ಮಿತಿ. ಮೂರ್ನಾಲ್ಕು ಹಾಡಿಗೇ ಅದು ಮುಗಿದುಹೋಗುತ್ತದೆ.

ಹೊಸ ಹೆಡ್‌ಗಳು ಮೊದಲ ವಾರ ಎಳೆದುಕೊಳ್ಳುತ್ತವೆ, ದಿನಾ ಸ್ವಲ್ಪ ಬಿಗಿ ಮಾಡಬೇಕು. ಎರಡು ವಾರ ಆದ ಮೇಲೆ ಡ್ರಮ್ ಕೀ ಹಿಡಿದು ಪೆಡಲ್‌ನ ಪ್ರತಿ ಸ್ಕ್ರೂ ಒಮ್ಮೆ ನೋಡಿ. ಎಡ ಬೀಟರ್ ಹಿಡಿದು ಬೆರಳಿಂದ ಒತ್ತಿ ನೋಡಿದ ಆ ಪರೀಕ್ಷೆಯನ್ನು ಮತ್ತೆ ಮಾಡಿ. ಈಗ ಆಟ ಬಂದಿದ್ದರೆ ವಾರಂಟಿ ಚೀಟಿ ಎಲ್ಲಿಟ್ಟಿದ್ದೀರಿ ಹುಡುಕಿ.